ಫ್ರೈಡೇ ಎಲ್ಲಿ ಮಲಗುತ್ತಿದ್ದ? ಕ್ರೂಸೊನ ಎರಡು ಗೋಡೆಗಳ ನಡುವಿನ ಡೇರೆ: ಒಂದು ಪ್ರಕರಣ ಅಧ್ಯಯನ

ಬದುಕುಳಿಯುವ ಕಥೆಗಳನ್ನು ನಾವು ಸಾಮಾನ್ಯವಾಗಿ ಒಂದೇ ಪ್ರಶ್ನೆ ಇಟ್ಟುಕೊಂಡು ಓದುತ್ತೇವೆ. ಇವನು ಉಳಿಯುತ್ತಾನಾ, ಇಲ್ವಾ? ಹಡಗು ಒಡೆಯಿತು, ಹೇಗೋ ದಡ ಸೇರಿದ. ಇನ್ನು ಕುಡಿಯುವ ನೀರು ಎಲ್ಲಿ, ಹೊಟ್ಟೆಗೆ ಏನು, ರಾತ್ರಿ ಎಲ್ಲಿ ಮಲಗುವುದು? ಡೇನಿಯಲ್ ಡಿಫೊ ಬರೆದ ‘ರಾಬಿನ್ಸನ್ ಕ್ರೂಸೊ’ 1719ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಅದನ್ನೂ ಜನ ಇದೇ ಕುತೂಹಲದಿಂದ ಓದುತ್ತಾ ಬಂದಿದ್ದಾರೆ. ಆದರೆ ಎಲ್ಲಿ ಮಲಗುವುದು ಎಂಬ ಪ್ರಶ್ನೆ ಆ ಕಾದಂಬರಿಯಲ್ಲಿ ಎರಡು ಸಲ ಬರುತ್ತದೆ. ಮೊದಲ ಸಲ, ಹಡಗು ಒಡೆದು ದ್ವೀಪದಲ್ಲಿ ಒಂಟಿಯಾದ ಕ್ರೂಸೊ ತನಗಾಗಿ ಕೇಳಿಕೊಳ್ಳುತ್ತಾನೆ. ಎರಡನೇ ಸಲ, ಎಷ್ಟೋ ವರ್ಷದ ಮೇಲೆ ತಾನು ಜೀವ ಉಳಿಸಿ ಆಳಾಗಿ ಇಟ್ಟುಕೊಂಡ ಫ್ರೈಡೇ ವಿಷಯದಲ್ಲಿ ಕೇಳಿಕೊಳ್ಳುತ್ತಾನೆ. ಇಲ್ಲಿ ನಾನು ನೋಡುವುದು ಆ ಎರಡನೇ ಸಲದ ಪ್ರಶ್ನೆಯನ್ನು.

ಅದು ಇರುವುದು ಒಂದೇ ಪ್ಯಾರಾದಲ್ಲಿ. ಮಕ್ಕಳಿಗಾಗಿ ಚಿಕ್ಕದು ಮಾಡಿದ ಕ್ರೂಸೊ ಓದಿ ಬೆಳೆದವರಿಗೆ ಮರಳಿನ ಮೇಲಿನ ಹೆಜ್ಜೆಗುರುತು ನೆನಪಿರುತ್ತದೆ, ಕೊಡೆ ನೆನಪಿರುತ್ತದೆ, ಗಿಳಿ ನೆನಪಿರುತ್ತದೆ. ಈ ಪ್ಯಾರಾ ನೆನಪಿರುವುದು ಅಪರೂಪ. ನನಗೆ ಮಾತ್ರ ಇಡೀ ಕಾದಂಬರಿಯ ಕೀಲಿ ಇರುವುದು ಅಲ್ಲೇ ಅನ್ನಿಸುತ್ತದೆ.

ನಡೆದದ್ದು

ಕ್ರೂಸೊ ದ್ವೀಪಕ್ಕೆ ಬಂದು ಆಗಲೇ ಸುಮಾರು 25 ವರ್ಷ ಕಳೆದಿದೆ. ಆಚೆ ನೆಲದಿಂದ ದೋಣಿಗಳಲ್ಲಿ ಬಂದವರು ತಮ್ಮ ಸೆರೆಯಾಳುಗಳನ್ನು ಕೊಂದು ತಿನ್ನಲು ದಡದಲ್ಲಿ ಬೆಂಕಿ ಹಾಕಿದ್ದಾರೆ. ಅವರಲ್ಲಿ ಒಬ್ಬ ಸೆರೆಯಾಳು ತಪ್ಪಿಸಿಕೊಂಡು ಓಡುತ್ತಾನೆ, ಅಡ್ಡ ಬಂದ ನೀರನ್ನು ಈಜಿ ದಾಟುತ್ತಾನೆ. ಇಬ್ಬರು ಬೆನ್ನಟ್ಟುತ್ತಾರೆ. ಕ್ರೂಸೊ ನಡುವೆ ನುಗ್ಗಿ ಒಬ್ಬನನ್ನು ಕೋವಿಯ ಹಿಂಬದಿಯಿಂದ ಹೊಡೆದು ಕೆಡವುತ್ತಾನೆ, ಇನ್ನೊಬ್ಬನಿಗೆ ಗುಂಡು ಹಾರಿಸುತ್ತಾನೆ. ಉಳಿದುಕೊಂಡವನು ನಡುಗುತ್ತಾ ಹತ್ತಿರ ಬರುತ್ತಾನೆ. ನೆಲಕ್ಕೆ ತಲೆ ಇಟ್ಟು, ಕ್ರೂಸೊನ ಪಾದವನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಇದು ಜೀವನಪೂರ್ತಿ ನಿನ್ನ ಗುಲಾಮನಾಗಿರುತ್ತೇನೆ ಎಂಬ ಆಣೆ ಇರಬೇಕು ಎಂದು ಕ್ರೂಸೊ ಅರ್ಥ ಮಾಡಿಕೊಳ್ಳುತ್ತಾನೆ. ಇಬ್ಬರ ನಡುವೆ ಆಗಿನ್ನೂ ಒಂದೇ ಒಂದು ಭಾಷೆಯೂ ಇಲ್ಲ.

ಕ್ರೂಸೊ ಅವನನ್ನು ಮನೆಗೆ ಕರೆದುಕೊಂಡು ಹೋಗುವುದಿಲ್ಲ. ದ್ವೀಪದ ಇನ್ನೊಂದು ಬದಿಯಲ್ಲಿರುವ ಗುಹೆಗೆ ಕರೆದೊಯ್ಯುತ್ತಾನೆ. ರೊಟ್ಟಿ, ಒಂದು ಗೊಂಚಲು ಒಣದ್ರಾಕ್ಷಿ, ನೀರು ಕೊಡುತ್ತಾನೆ. ಭತ್ತದ ಹುಲ್ಲಿನ ಹಾಸಿಗೆ, ಮೇಲೊಂದು ಕಂಬಳಿ. ಸ್ವಲ್ಪ ಹೊತ್ತಿನ ನಿದ್ದೆಯ ನಂತರ ಎದ್ದು ಬಂದವನಿಗೆ ಮೂರು ಸಂಗತಿ ಕಲಿಸುತ್ತಾನೆ. ನಿನ್ನ ಹೆಸರು ಫ್ರೈಡೇ, ಯಾಕೆಂದರೆ ನಿನ್ನ ಜೀವ ಉಳಿದದ್ದು ಶುಕ್ರವಾರ. ನನ್ನ ಹೆಸರು ಮಾಸ್ಟರ್. ಆಮೇಲೆ ಹೌದು ಮತ್ತು ಇಲ್ಲ. ಇವನಿಗೆ ಮೊದಲೇ ಒಂದು ಹೆಸರು ಇದ್ದಿರಬೇಕು. ಅದನ್ನು ಕ್ರೂಸೊ ಕೇಳುವುದೇ ಇಲ್ಲ.

ಮಾರನೇ ದಿನ, ಕ್ರೂಸೊ ಕೋಟೆ ಎಂದು ಕರೆಯುವ ಅವನ ಮನೆಗೆ ಬರುತ್ತಾರೆ. ಫ್ರೈಡೇಗೆ ಬಟ್ಟೆ ಸಿಗುತ್ತದೆ: ನಾರುಬಟ್ಟೆಯ ಚಡ್ಡಿ, ಆಡಿನ ಚರ್ಮದ ಅಂಗಿ, ಮೊಲದ ಚರ್ಮದ ಟೋಪಿ. ಅದರ ಮರುದಿನ ಕ್ರೂಸೊ ಯೋಚನೆಗೆ ಕೂರುತ್ತಾನೆ. ಇವನನ್ನು ಎಲ್ಲಿ ಇರಿಸುವುದು? ಅವನಿಗೂ ಅನುಕೂಲ ಆಗಬೇಕು, ತನಗೂ ನಿಶ್ಚಿಂತೆ ಇರಬೇಕು.

ಅವನು ಕಂಡುಕೊಂಡ ದಾರಿ ಇದು. ತನ್ನ ವಾಸಸ್ಥಳದ ಸುತ್ತ ಎರಡು ಗೋಡೆಗಳಿವೆ. ಒಳಗಿನದು ಹಳೆಯದು, ಹೊರಗಿನದು ಆಮೇಲೆ ಕಟ್ಟಿದ್ದು. ಇವೆರಡರ ನಡುವಿನ ಖಾಲಿ ಜಾಗದಲ್ಲಿ ಫ್ರೈಡೇಗೆ ಒಂದು ಪುಟ್ಟ ಡೇರೆ ಹಾಕುತ್ತಾನೆ. ಅಲ್ಲಿಂದ, ಮನೆಯ ಭಾಗವಾಗಿ ಬಂಡೆಯಲ್ಲಿ ತೋಡಿದ ತನ್ನ ಗವಿಗೆ ಒಂದು ದಾರಿ ಇದೆ. ಅದಕ್ಕೆ ಚೌಕಟ್ಟು ಮಾಡಿ ಹಲಗೆಯ ಬಾಗಿಲು ನಿಲ್ಲಿಸುತ್ತಾನೆ. ಬಾಗಿಲು ತೆರೆಯುವುದು ಒಳಮುಖವಾಗಿ. ರಾತ್ರಿ ಅದಕ್ಕೆ ಒಳಗಿನಿಂದ ಅಗುಳಿ. ಏಣಿಗಳೂ ಒಳಗೆ. ಒಳಸುತ್ತಿನ ಮೇಲೆ ಉದ್ದನೆಯ ಗಳಗಳ ಸೂರು, ಅದರ ಮೇಲೆ ದಪ್ಪಗೆ ಭತ್ತದ ಹುಲ್ಲು. ಏಣಿಯಿಂದ ಇಳಿಯುವ ಕಂಡಿಗೆ ಒಂದು ಮುಚ್ಚುಹಲಗೆ. ಹೊರಗಿನಿಂದ ಯಾರಾದರೂ ಕೈಹಾಕಿದರೆ ಅದು ತೆರೆಯುವುದಿಲ್ಲ, ದಡಾರನೆ ಕೆಳಗೆ ಬಿದ್ದು ಸದ್ದು ಮಾಡುತ್ತದೆ. ಆಯುಧಗಳನ್ನೆಲ್ಲ ಪ್ರತಿ ರಾತ್ರಿ ತನ್ನ ಕಡೆಗೆ ತೆಗೆದುಕೊಳ್ಳುತ್ತಾನೆ.

ಇಷ್ಟನ್ನೂ ವಿವರವಾಗಿ ಹೇಳಿ ಮುಗಿಸಿದ ಮೇಲೆ, ಇದ್ಯಾವುದರ ಅಗತ್ಯವೂ ಇರಲಿಲ್ಲ ಅನ್ನುತ್ತಾನೆ ಕ್ರೂಸೊ. ಫ್ರೈಡೇಯಷ್ಟು ನಂಬಿಕಸ್ಥ, ಪ್ರೀತಿಯ ಆಳು ಯಾರಿಗೂ ಸಿಕ್ಕಿರಲಾರ ಎನ್ನುತ್ತಾನೆ.

ಇಲ್ಲಿ ಮಾತು ಒಂದು ಹೇಳುತ್ತಿದೆ, ಮರದ ಕೆಲಸ ಇನ್ನೊಂದು ಹೇಳುತ್ತಿದೆ. ನಂಬಿಕೆ ಮಾತಿನಲ್ಲಿದೆ. ಭಯ ಬಾಗಿಲಿನಲ್ಲಿದೆ. ಇನ್ನೂ ಒಂದು ಸಂಗತಿ ಇದೆ. ಅಗತ್ಯವಿರಲಿಲ್ಲ ಎಂದು ಹೇಳಿದ ಕ್ರೂಸೊ ಆ ಬಾಗಿಲನ್ನು ಕಿತ್ತು ಹಾಕಿದ ಸುದ್ದಿ ಮಾತ್ರ ಮುಂದೆಲ್ಲೂ ಬರುವುದಿಲ್ಲ. ಮೊಳೆ, ಗೂಟ, ಬುಟ್ಟಿ, ಮಡಕೆ, ಎಲ್ಲದರ ಲೆಕ್ಕ ಕೊಡುವ ಮನುಷ್ಯ ಇವನು. ಬಾಗಿಲು ತೆಗೆದಿದ್ದರೆ ಹೇಳುತ್ತಿರಲಿಲ್ವಾ?

ಆ ಜಾಗ ಹುಟ್ಟಿದ ಬಗೆ

ಎರಡು ಗೋಡೆಗಳ ನಡುವಿನ ಆ ಖಾಲಿ ಜಾಗಕ್ಕೂ ಒಂದು ಚರಿತ್ರೆ ಇದೆ. ಅದನ್ನು ಬಿಟ್ಟು ನೋಡಿದರೆ ಪ್ರಕರಣ ಅರ್ಧವೇ ತಿಳಿಯುತ್ತದೆ.

ಕ್ರೂಸೊನ ಹಡಗು ಒಡೆದದ್ದು 1659ರ ಸೆಪ್ಟೆಂಬರ್ 30ರಂದು, ದಕ್ಷಿಣ ಅಮೆರಿಕದ ಒರಿನೋಕೊ ನದಿ ಸಮುದ್ರ ಸೇರುವ ಕಡೆಯ ಒಂದು ದ್ವೀಪದ ಬಳಿ. ಮೊದಲ ರಾತ್ರಿ ಮರದ ಮೇಲೆ ಕಳೆಯುತ್ತಾನೆ. ಆಮೇಲೆ ಒಡೆದ ಹಡಗಿನಿಂದ ಸಾಮಾನು ಸಾಗಿಸಿ, ವಾಸಕ್ಕೆ ಜಾಗ ಹುಡುಕುತ್ತಾನೆ. ಅವನಿಗೆ ಬೇಕಾದದ್ದು ನಾಲ್ಕು: ಆರೋಗ್ಯಕ್ಕೆ ಒಳ್ಳೆಯ ಜಾಗ ಮತ್ತು ಸಿಹಿನೀರು, ಬಿಸಿಲಿಗೆ ಮರೆ, ಮೃಗ ಮತ್ತು ಮನುಷ್ಯರಿಂದ ರಕ್ಷಣೆ, ಸಮುದ್ರ ಕಾಣುವ ನೋಟ. ಗುಡ್ಡದ ಪಕ್ಕ ಒಂದು ಸಮತಟ್ಟು ಸಿಗುತ್ತದೆ. ಅಲ್ಲಿ ಬಂಡೆಗೆ ಅಂಟಿದಂತೆ ಅರ್ಧವೃತ್ತದಲ್ಲಿ ಎರಡು ಸಾಲು ಗಟ್ಟಿ ಗೂಟ ಹೊಡೆಯುತ್ತಾನೆ. ನೆಲದಿಂದ ಐದೂವರೆ ಅಡಿ ಎತ್ತರ, ತುದಿ ಚೂಪು. ಈ ಗೋಡೆಗೆ ಬಾಗಿಲೇ ಇಲ್ಲ. ಏಣಿ ಹತ್ತಿ ಒಳಗೆ ಇಳಿಯಬೇಕು, ಇಳಿದ ಮೇಲೆ ಏಣಿಯನ್ನು ಎಳೆದುಕೊಳ್ಳಬೇಕು.

ಒಬ್ಬನೇ ಇರುವ ಮನುಷ್ಯ ಇದನ್ನೆಲ್ಲ ಮಾಡುವಾಗ ನಾವು ಅವನ ಪಕ್ಕವೇ ನಿಂತಿರುತ್ತೇವೆ. ಪ್ರತಿ ಗೂಟಕ್ಕೂ ಭೇಷ್ ಅನ್ನುತ್ತೇವೆ. ಅದು ಸರಿಯೂ ಹೌದು. ಗೊತ್ತಿಲ್ಲದ ಕಾಡು, ಗೊತ್ತಿಲ್ಲದ ಕತ್ತಲೆ. ಯಾರಿಗಾದರೂ ಗೋಡೆ ಬೇಕು.

ಗೋಡೆಯ ಒಳಗಿನಿಂದ ಬಂಡೆಯಲ್ಲಿ ಗವಿ ತೋಡುತ್ತಾ ಹೋದವನು ಪಕ್ಕಕ್ಕೆ ತಿರುಗಿ, ಗೋಡೆಯ ಆಚೆಗೆ ಒಂದು ಕಂಡಿ ತೆರೆಯುತ್ತಾನೆ. ಓಡಾಟಕ್ಕೆ ಸಲೀಸು, ಸಾಮಾನು ಇಡಲು ಜಾಗ. ಹೆದರಿಕೆ ಕಡಿಮೆಯಾದ ಕಾಲದ ಕೆಲಸ ಇದು. ವರ್ಷ ಕಳೆದಂತೆ ದ್ವೀಪದ ಒಳಗಡೆಯ ಹಸಿರು ಕಣಿವೆಯಲ್ಲೂ ಒಂದು ಚಪ್ಪರ ಹಾಕಿಕೊಂಡು ಅದನ್ನು ಹಳ್ಳಿಮನೆ ಎಂದು ಕರೆಯುತ್ತಾನೆ. ಆ ಕಣಿವೆ ಕಂಡಾಗಲೇ ಅವನ ಮನಸ್ಸಿನಲ್ಲಿ ಮೂಡುವುದು, ಇದೆಲ್ಲ ನನ್ನದು, ಈ ನಾಡಿಗೆ ನಾನೇ ದೊರೆ ಎಂಬ ಖುಷಿ. ಊಟಕ್ಕೆ ಕೂತಾಗ ಗಿಳಿ, ನಾಯಿ, ಬೆಕ್ಕುಗಳನ್ನು ಸುತ್ತ ಇಟ್ಟುಕೊಂಡು ತನ್ನನ್ನು ರಾಜ ಎಂದುಕೊಳ್ಳುತ್ತಾನೆ. ಮಾತಾಡುವ ಅಪ್ಪಣೆ ಇರುವುದು ಗಿಳಿಗೆ ಮಾತ್ರ. ಪ್ರಜೆಗಳೇ ಇಲ್ಲದಿದ್ದಾಗ ಇದು ಆಟ. ಆದರೆ ಸಿಂಹಾಸನ ಆಗಲೇ ಸಿದ್ಧವಾಗಿತ್ತು, ಅದರ ಮುಂದೆ ನಿಲ್ಲಲು ಒಬ್ಬ ಆಳು ಬರುವುದಷ್ಟೇ ಬಾಕಿ ಇತ್ತು.

ದ್ವೀಪದಲ್ಲಿ 15 ವರ್ಷ ಕಳೆದ ಹೊತ್ತಿಗೆ ಒಂದು ಮಧ್ಯಾಹ್ನ ಮರಳಿನಲ್ಲಿ ಒಂಟಿ ಹೆಜ್ಜೆಗುರುತು ಕಾಣುತ್ತದೆ. ಮನುಷ್ಯರ ಮುಖ ನೋಡಬೇಕು ಎಂದು ವರ್ಷಗಟ್ಟಲೆ ಹಂಬಲಿಸಿದವನು ಮನುಷ್ಯನ ಒಂದು ಪಾದದ ಅಚ್ಚು ಕಂಡು ಓಡಿಹೋಗುತ್ತಾನೆ. ತನ್ನ ಮನೆಯನ್ನು ಕೋಟೆ ಎಂದು ಕರೆಯಲು ಶುರು ಮಾಡುವುದು ಅಂದಿನಿಂದಲೇ. ಹಿಂದೆ ಸಲೀಸಿಗೆಂದು ತೆರೆದ ಆ ಕಂಡಿಯ ಬಗ್ಗೆ ಈಗ ಪಶ್ಚಾತ್ತಾಪ ಪಡುತ್ತಾನೆ. ಶತ್ರು ಬಂದರೆ ನೇರ ಒಳಗೇ ಬರಬಹುದಲ್ಲ! ಆ ಕಂಡಿಯನ್ನು ಸುತ್ತುವರಿಯಲು ಎರಡನೇ ಗೋಡೆ ಎಬ್ಬಿಸುತ್ತಾನೆ. ಗೋಡೆಯಲ್ಲಿ ಏಳು ತೂತು, ಪ್ರತಿ ತೂತಿಗೂ ಒಂದು ಕೋವಿ. ಎರಡು ನಿಮಿಷದಲ್ಲಿ ಏಳನ್ನೂ ಹಾರಿಸಬಹುದು. ಗೋಡೆಯ ಆಚೆ ಸುಮಾರು 20,000 ಚಿಗುರುವ ಗೂಟ ನೆಡುತ್ತಾನೆ. ಕೆಲವೇ ವರ್ಷದಲ್ಲಿ ಅದು ದಟ್ಟ ಕಾಡಾಗಿ, ಒಳಗೆ ಮನೆ ಇದೆ ಎಂಬುದೇ ಕಾಣದಂತೆ ಆಗುತ್ತದೆ.

ಫ್ರೈಡೇಯ ಡೇರೆ ಬರುವುದು ಇಲ್ಲೇ. ಹೆಜ್ಜೆಗುರುತಿನ ಭಯದಿಂದ ಹುಟ್ಟಿದ ಜಾಗದಲ್ಲಿ. ಅಂದರೆ, ಅವನು ದ್ವೀಪಕ್ಕೆ ಬರುವ ಎಷ್ಟೋ ವರ್ಷ ಮೊದಲೇ ಅವನು ಮಲಗಬೇಕಾದ ಜಾಗದ ಅರ್ಥ ತೀರ್ಮಾನವಾಗಿ ಹೋಗಿತ್ತು. ಅವನು ಯಾರು, ಹೇಗಿದ್ದಾನೆ ಎಂದು ನೋಡಿ ಕಟ್ಟಿದ ಜಾಗ ಅಲ್ಲ ಅದು. ಅವನಂಥವರು ಬರಬಹುದು ಎಂಬ ಹೆದರಿಕೆಗೆ ಕಟ್ಟಿದ್ದು.

ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡುವುದು ಇದೇ. ಗೂಟ ಅದೇ, ಏಣಿ ಅದೇ, ಗವಿ ಅದೇ. ಒಂದು ಕೋಲೂ ಬದಲಾಗಿಲ್ಲ. ಒಬ್ಬನೇ ಇದ್ದಾಗ ಇವೆಲ್ಲ ಬದುಕುಳಿಯುವ ಉಪಾಯ. ಎರಡನೇ ಮನುಷ್ಯ ಬಂದು ಗೋಡೆಯ ಆಚೆ ಮಲಗಿದ ರಾತ್ರಿಯಿಂದ ಇವೇ ಆಳ್ವಿಕೆಯ ಸಾಧನ. ಯಾವ ರಾತ್ರಿ ಒಂದು ಇನ್ನೊಂದಾಯಿತು ಎಂದು ಬೆರಳಿಟ್ಟು ತೋರಿಸಬಹುದಾದ ಕಾದಂಬರಿ ಜಾಸ್ತಿ ಇಲ್ಲ. ಇಲ್ಲಿ ತೋರಿಸಬಹುದು.

ಕನಸಿನಲ್ಲಿ ಹತ್ತಿದ ಏಣಿ

ಫ್ರೈಡೇ ಬರುವ ಸುಮಾರು ಒಂದೂವರೆ ವರ್ಷ ಮೊದಲು ಕ್ರೂಸೊಗೆ ಒಂದು ಕನಸು ಬೀಳುತ್ತದೆ. ಕನಸಿನಲ್ಲೂ ಹೀಗೇ ಒಬ್ಬ ಸೆರೆಯಾಳು ತಪ್ಪಿಸಿಕೊಂಡು ಓಡಿಬಂದು ಕೋಟೆಯ ಮುಂದಿನ ಮರಗಳ ನಡುವೆ ಅವಿತುಕೊಳ್ಳುತ್ತಾನೆ. ಕ್ರೂಸೊ ಅವನಿಗೆ ಏಣಿ ತೋರಿಸಿ, ಹತ್ತಿಸಿ, ಗವಿಯ ಒಳಗೇ ಕರೆದುಕೊಂಡು ಹೋಗುತ್ತಾನೆ. ಅವನು ಆಳಾಗುತ್ತಾನೆ. ಇನ್ನು ಇವನನ್ನು ದಾರಿ ತೋರಿಸಲು ಇಟ್ಟುಕೊಂಡು ಆಚೆ ನೆಲಕ್ಕೆ ದಾಟಬಹುದು ಎಂದು ಕನಸಿನಲ್ಲೇ ಲೆಕ್ಕ ಹಾಕುತ್ತಾನೆ.

ಕನಸು ನಿಜವಾಗುತ್ತದೆ, ಏಣಿಯೊಂದನ್ನು ಬಿಟ್ಟು. ನಿಜವಾದ ಮನುಷ್ಯ ಎದುರು ಬಂದಾಗ ಅವನನ್ನು ದ್ವೀಪದ ಇನ್ನೊಂದು ತುದಿಗೆ ಕರೆದೊಯ್ಯುತ್ತಾನೆ. ಕನಸಿನ ಆ ಭಾಗ ನಿಜವಾಗಲು ಬಿಡಲಿಲ್ಲ ಎಂದು ಕ್ರೂಸೊನೇ ಹೇಳುತ್ತಾನೆ. ಡಿಫೊ ಇದನ್ನು ಸುಮ್ನೆ ಬರೆದಿರಲಾರ. ಕನಸಿನಲ್ಲಿ ಆಳಿಗೆ ಒಳಮನೆ ಇದೆ, ಎಚ್ಚರದಲ್ಲಿ ಇಲ್ಲ. ಕನಸಿನ ಆಳಿಗೆ ಮೈ ಇಲ್ಲ, ಅವನನ್ನು ಕಂಡು ಹೆದರಬೇಕಾಗಿಲ್ಲ. ಎದುರಿಗೆ ನಿಂತವನಿಗೆ ಗಟ್ಟಿ ಕೈಕಾಲು ಇವೆ. ಕೋವಿ ಏಟು ತಿಂದು ಬಿದ್ದ ಶತ್ರು ಮತ್ತೆ ಏಳತೊಡಗಿದಾಗ, ಕ್ರೂಸೊನ ಕತ್ತಿ ಕೇಳಿ ಪಡೆದು ಅವನ ತಲೆ ಕತ್ತರಿಸಿದ್ದು ಇದೇ ಕೈ.

ಅವನನ್ನು ಉಳಿಸುವ ಗಳಿಗೆಯಲ್ಲಿ ಕ್ರೂಸೊನ ಮನಸ್ಸಿಗೆ ಬಂದ ಯೋಚನೆಯ ಕ್ರಮವನ್ನೂ ನೋಡಬೇಕು. ಮೊದಲು ಬರುವುದು, ನನಗೊಬ್ಬ ಆಳು ಸಿಗುವ ಸಮಯ ಇದು ಎಂದು. ಆಮೇಲೆ, ಬಹುಶಃ ಒಬ್ಬ ಜೊತೆಗಾರ ಅಥವಾ ಸಹಾಯಕ. ಈ ಬಡಪಾಯಿಯ ಜೀವ ಉಳಿಸಲು ದೇವರೇ ನನ್ನನ್ನು ಕರೆಯುತ್ತಿದ್ದಾನೆ ಎಂಬುದು ಕೊನೆಗೆ.

ಇದು ಒಬ್ಬ ಮನುಷ್ಯನ ಸ್ವಭಾವದ ಮಾತು ಮಾತ್ರ ಅಲ್ಲ. ಕ್ರೂಸೊ ಈ ದ್ವೀಪಕ್ಕೆ ಬಿದ್ದದ್ದೇ ಬ್ರೆಜಿಲ್‌ನ ತನ್ನ ತೋಟಕ್ಕೆ ಗುಲಾಮರನ್ನು ತರಲು ಆಫ್ರಿಕದ ಗಿನಿ ಕರಾವಳಿಗೆ ಹೊರಟಾಗ. ಅದಕ್ಕೂ ಮೊದಲು ಅವನು ಸ್ವತಃ ಮೊರಾಕ್ಕೊದ ಸಾಲೆ ಬಂದರಿನಲ್ಲಿ ಸೆರೆಯಾಳಾಗಿದ್ದ. ಅಲ್ಲಿಂದ ಜೂರಿ ಎಂಬ ಹುಡುಗನ ಜೊತೆ ದೋಣಿಯಲ್ಲಿ ತಪ್ಪಿಸಿಕೊಂಡ. ಜೂರಿ ಅವನಿಗಾಗಿ ಪ್ರಾಣ ಕೊಡಲೂ ಸಿದ್ಧನಿದ್ದ. ಕಾಪಾಡಿದ ಪೋರ್ಚುಗೀಸ್ ಹಡಗಿನ ಕಪ್ತಾನನಿಗೆ ಕ್ರೂಸೊ ಅವನನ್ನು 60 ಬೆಳ್ಳಿ ನಾಣ್ಯಕ್ಕೆ ಮಾರಿಬಿಡುತ್ತಾನೆ. ಕ್ರಿಸ್ತನ ಮತಕ್ಕೆ ಸೇರಿದರೆ ಹತ್ತು ವರ್ಷದಲ್ಲಿ ಬಿಡುಗಡೆ ಎಂಬ ಷರತ್ತು. ಆಮೇಲೆ ಅವನನ್ನು ನೆನೆದು ಕೊರಗುತ್ತಾನೆ, ಆದರೆ ಅದು ತೋಟದ ಕೆಲಸಕ್ಕೆ ಕೈ ಸಾಲದೆ ಹೋದಾಗ. ಕಾದಂಬರಿ ಬರುವ ಆರು ವರ್ಷ ಮೊದಲು, 1713ರಲ್ಲಿ, ಅಮೆರಿಕದ ಸ್ಪೇನ್ ವಸಾಹತುಗಳಿಗೆ ಗುಲಾಮರನ್ನು ಪೂರೈಸುವ ಗುತ್ತಿಗೆ ಬ್ರಿಟನ್ನಿಗೆ ಸಿಕ್ಕಿತ್ತು. 1719ರ ಲಂಡನ್ ಓದುಗರಿಗೆ ಇನ್ನೊಬ್ಬ ಮನುಷ್ಯ ಎಂದರೆ ಆಸ್ತಿಯೂ ಆಗಬಹುದು ಎಂಬುದು ಹೊಸ ವಿಚಾರ ಅಲ್ಲ. ಫ್ರೈಡೇಯ ಡೇರೆಯನ್ನು ಅವರು ಕಣ್ಣು ಮಿಟುಕಿಸದೆ ಓದಿ ಮುಂದೆ ಹೋಗಿರಬಹುದು. ನಮಗೆ ಹಾಗೆ ಹೋಗಲು ಆಗುವುದಿಲ್ಲ, ಹೋಗಲೂಬಾರದು.

ಯಾರ ಕೈಯಲ್ಲಿ ಏನಿತ್ತು

ಮೈಬಲದಲ್ಲಿ ಫ್ರೈಡೇ ಮುಂದು. ಅವನಿಗೆ ಸುಮಾರು 26 ವರ್ಷ ಇರಬಹುದು ಎಂದು ಕ್ರೂಸೊ ಅಂದಾಜು ಮಾಡುತ್ತಾನೆ. ಕ್ರೂಸೊ ಹುಟ್ಟಿದ್ದು 1632ರಲ್ಲಿ, ಅಂದರೆ ಐವತ್ತು ದಾಟಿದವನು. ಬರಿಗೈಯ ಜಗಳ ಆದರೆ ಯಾರು ಗೆಲ್ಲುತ್ತಾರೆ ಎಂಬುದರಲ್ಲಿ ಅನುಮಾನವಿಲ್ಲ. ಹಾಗಿದ್ದರೂ ಅಧಿಕಾರ ಇನ್ನೊಂದು ಕಡೆ ನಿಂತಿತು. ಹೇಗೆ?

ಕೋವಿಯಿಂದ ಎನ್ನುವುದು ಸುಲಭದ ಉತ್ತರ. ಅದಕ್ಕಿಂತ ಮುಖ್ಯವಾದದ್ದು ಕೋವಿಯ ಗುಟ್ಟು. ಕ್ರೂಸೊ ಗುಂಡು ಹಾರಿಸಿದಾಗ ದೂರದಲ್ಲಿ ಪ್ರಾಣಿ ಸಾಯುತ್ತದೆ. ಮದ್ದು ತುಂಬುವುದನ್ನು ಫ್ರೈಡೇ ನೋಡಿರುವುದಿಲ್ಲ. ಸಾವು ಎಲ್ಲಿಂದ ಬಂತು ಎಂದು ಅವನಿಗೆ ತಿಳಿಯುವುದಿಲ್ಲ. ಎಷ್ಟೋ ದಿನ ಆ ಕೋವಿಯನ್ನು ಮುಟ್ಟುವುದಿಲ್ಲ, ಒಬ್ಬನೇ ಇದ್ದಾಗ ಅದರ ಜೊತೆ ಮಾತಾಡುತ್ತಾನೆ. ನನ್ನನ್ನು ಕೊಲ್ಲಬೇಡ ಎಂದು ಬೇಡಿಕೊಳ್ಳುತ್ತಿದ್ದ ಎಂದು ಆಮೇಲೆ ತಿಳಿಯುತ್ತದೆ. ಆ ಭಯ ತನಗೆ ಅನುಕೂಲ ಎಂಬುದು ಕ್ರೂಸೊಗೆ ಗೊತ್ತಿದೆ, ಗುಟ್ಟನ್ನು ಕೂಡಲೇ ಬಿಡಿಸಿ ಹೇಳುವುದಿಲ್ಲ. ಮದ್ದು, ಗುಂಡು, ಗುರಿ ಎಲ್ಲ ಕಲಿಸುವುದು ಸಾಕಷ್ಟು ಸಮಯ ಕಳೆದ ಮೇಲೆ.

ಜಾಗದ್ದೂ ಇದೇ ಕಥೆ. ಒಳಗಿರುವವನಿಗೆ ಹೊರಗಿನವನ ಪ್ರತಿ ಚಲನೆ ಕೇಳಿಸುತ್ತದೆ. ಮುಚ್ಚುಹಲಗೆಯನ್ನು ಮಾಡಿರುವುದೇ ಅದಕ್ಕೆ, ತಡೆಯುವುದಕ್ಕಿಂತ ಹೆಚ್ಚಾಗಿ ಸದ್ದು ಮಾಡಲು. ಹೊರಗಿನವನಿಗೆ ಒಳಗಿನವನ ನಿದ್ದೆ ಕಾಣುವುದಿಲ್ಲ. ಏಣಿ ಯಾವಾಗ ಇಳಿಯಬೇಕು ಎಂಬುದು ಒಬ್ಬನ ಇಷ್ಟ. ಬೆಳಿಗ್ಗೆ ಆಗುವುದು ಅವನು ಅಗುಳಿ ತೆಗೆದಾಗ.

ಕನ್ನಡ ಓದುಗರಿಗೆ ಈ ನಕ್ಷೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಳ, ಜಗಲಿ, ಪಡಸಾಲೆ, ನಡುಮನೆ, ಅಡುಗೆಮನೆ. ಯಾರು ಎಲ್ಲಿಯವರೆಗೆ ಬರಬಹುದು ಎಂಬುದನ್ನು ನಮ್ಮ ಹಳೆಯ ಮನೆಗಳು ಬಾಯಿಬಿಟ್ಟು ಹೇಳದೆಯೇ ಹೇಳುತ್ತಿದ್ದವು. ಜೀವಮಾನವಿಡೀ ಗೇದ ಆಳು ಜಗಲಿ ದಾಟದ ಮನೆಗಳು ಎಷ್ಟಿಲ್ಲ? ಅವನನ್ನು ‘ನಮ್ಮ ಮನೆಯವನೇ’ ಅನ್ನುತ್ತಿದ್ದದ್ದೂ ಆ ಮನೆಗಳಲ್ಲೇ. ಕಾರಣಗಳು ಬೇರೆ. ನಮ್ಮಲ್ಲಿ ಜಾತಿ ಮತ್ತು ಮುಟ್ಟಬಾರದು ಎಂಬ ಕಟ್ಟು, ಕ್ರೂಸೊನಲ್ಲಿ ಕುತ್ತಿಗೆಯ ಭಯ. ಆದರೆ ಪ್ರೀತಿಯ ಮಾತು ಮತ್ತು ದಾಟಬಾರದ ಗೆರೆ ಒಂದೇ ಸೂರಿನಡಿ ಇರಬಹುದು ಎಂಬುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ.

ಕೊನೆಯದಾಗಿ, ಕಥೆ ಹೇಳುವ ಬಾಯಿ. ಇಡೀ ಕಾದಂಬರಿಯನ್ನು ಕ್ರೂಸೊನೇ ಹೇಳುತ್ತಾನೆ. ಡೇರೆಯ ಒಳಗಿನಿಂದ ಆ ರಾತ್ರಿ ಹೇಗಿತ್ತು? ಬಾಗಿಲಿಗೆ ಅಗುಳಿ ಬೀಳುವ ಸದ್ದು ಕೇಳಿದಾಗ ಫ್ರೈಡೇಗೆ ಏನನ್ನಿಸಿತು? ನಮಗೆ ಗೊತ್ತಾಗುವುದಿಲ್ಲ. ಅವನಿಗೆ ಆಗಿನ್ನೂ ಕಲಿತ ಮಾತು ನಾಲ್ಕೇ. ಆಮೇಲೆ ಭಾಷೆ ಬರುತ್ತದೆ, ಹರಕುಮುರುಕಾಗಿ. ಆ ಹರಕು ಭಾಷೆಯಲ್ಲೇ ಅವನು ಒಂದು ದಿನ ಕ್ರೂಸೊನನ್ನು ಕಟ್ಟಿಹಾಕುತ್ತಾನೆ. ದೇವರು ಸೈತಾನನಿಗಿಂತ ಅಷ್ಟು ಬಲಶಾಲಿ ಆದರೆ ಯಾಕೆ ಅವನನ್ನು ಕೊಂದುಬಿಡುವುದಿಲ್ಲ ಎಂದು ಕೇಳುತ್ತಾನೆ. ಕ್ರೂಸೊ ಕೇಳಿಸದವನಂತೆ ನಟಿಸುತ್ತಾನೆ. ಇಂಥ ಪ್ರಶ್ನೆ ಕೇಳಬಲ್ಲವನು ಆ ಬಾಗಿಲಿನ ಬಗ್ಗೆಯೂ ಯೋಚಿಸಿರುತ್ತಾನೆ, ಅಲ್ವಾ?

ಗುಡ್ಡದ ಮೇಲೆ ನಕ್ಷೆ ತಿರುಗುತ್ತದೆ

ಕೋಟೆಯ ಒಳಗೆ ಎಲ್ಲವೂ ಕ್ರೂಸೊನ ಲೆಕ್ಕದಂತೆ ನಡೆಯುತ್ತದೆ. ಕೋಟೆ ಬಿಟ್ಟು ಹೊರಟರೆ ಲೆಕ್ಕ ತಪ್ಪುತ್ತದೆ. ಇಬ್ಬರೂ ಒಂದು ದಿನ ದ್ವೀಪದ ಪೂರ್ವದ ಗುಡ್ಡದ ಮೇಲೆ ನಿಂತಿದ್ದಾರೆ. ಆಕಾಶ ತಿಳಿಯಾಗಿದೆ. ಆಚೆ ನೆಲ ಕಾಣುತ್ತದೆ. ಫ್ರೈಡೇ ಕುಣಿಯತೊಡಗುತ್ತಾನೆ. ನನ್ನ ನಾಡು, ನನ್ನ ಜನ ಎಂದು ಕೂಗುತ್ತಾನೆ.

ಅದೇ ಗುಡ್ಡ, ಅದೇ ನೋಟ. ಕ್ರೂಸೊಗೆ ಅದು ವರ್ಷಗಟ್ಟಲೆ ಬರೀ ಒಂದು ಮಸುಕು ಗೆರೆ, ಅಥವಾ ತನ್ನನ್ನು ತಿಂದುಬಿಡುವವರ ನೆಲೆ. ಫ್ರೈಡೇಗೆ ಅದು ಊರು. ಅಪ್ಪ ಇರುವ ಜಾಗ. ಇಲ್ಲಿಯವರೆಗೆ ಕ್ರೂಸೊ ನಡು, ಫ್ರೈಡೇ ಅಂಚು. ಗುಡ್ಡದ ಮೇಲೆ ಒಂದು ಗಳಿಗೆ ಕ್ರೂಸೊನೇ ಅಂಚಿಗೆ ಬೀಳುತ್ತಾನೆ, ತನ್ನದಲ್ಲದ ಕಡಲಿನಲ್ಲಿ ಸಿಕ್ಕಿಕೊಂಡ ಒಬ್ಬ ಪರದೇಶಿಯಾಗಿ.

ಅವನಿಗೆ ಅದು ತಡೆಯಲಾಗುವುದಿಲ್ಲ. ಇವನು ಊರಿಗೆ ಹೋದರೆ ನನ್ನ ಉಪಕಾರ ಮರೆತು ನೂರಿನ್ನೂರು ಜನರನ್ನು ಕಟ್ಟಿಕೊಂಡು ಬಂದು ನನ್ನನ್ನೇ ತಿಂದುಬಿಟ್ಟಾನು ಎಂದು ಅನುಮಾನ ಹುಟ್ಟುತ್ತದೆ. ಮೊದಲಿನ ಸಲಿಗೆ ಕಡಿಮೆಯಾಗುತ್ತದೆ. ಇದು ಕೆಲವು ವಾರ ನಡೆಯುತ್ತದೆ. ಇದ್ಯಾವುದರ ಅಗತ್ಯವೂ ಇರಲಿಲ್ಲ ಎಂದು ಹೇಳಿದ್ದು ಇದೇ ಕ್ರೂಸೊ. ಕೊನೆಗೆ ಫ್ರೈಡೇ ಕೊಡಲಿ ತಂದು ಕೈಗೆ ಕೊಟ್ಟು, ನನ್ನನ್ನು ಕಳಿಸುವ ಬದಲು ಕೊಂದುಬಿಡು ಅನ್ನುವವರೆಗೆ ಮನಸ್ಸು ಪೂರ್ತಿ ತಿಳಿಯಾಗುವುದಿಲ್ಲ. ಸಾಬೀತು ಮಾಡುವ ಕೆಲಸ ಯಾವಾಗಲೂ ಒಂದೇ ಕಡೆ ಬೀಳುತ್ತದೆ. ಕ್ರೂಸೊ ತನ್ನ ನಿಷ್ಠೆಯನ್ನು ಫ್ರೈಡೇಗೆ ಒಂದು ಸಲವೂ ತೋರಿಸಿಕೊಡಬೇಕಾಗಿ ಬರುವುದಿಲ್ಲ.

ಇನ್ನೊಂದು ಓದು ಮತ್ತು ಅದರ ಪರೀಕ್ಷೆ

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪ ಇದೆ. ನೀವು ಕ್ರೂಸೊನ ಜಾಗದಲ್ಲಿ ಇದ್ದಿದ್ದರೆ ಏನು ಮಾಡುತ್ತಿದ್ದಿರಿ? ನಿನ್ನೆ ಸಿಕ್ಕವನು, ಭಾಷೆ ಇಲ್ಲ, ಮನುಷ್ಯರನ್ನು ತಿನ್ನುವ ರೂಢಿ ಇರುವ ಜನರಿಂದ ಬಂದವನು. ಸತ್ತ ಶತ್ರುಗಳನ್ನು ಅಗೆದು ತಿನ್ನೋಣ ಎಂದು ಅವನೇ ಸನ್ನೆ ಮಾಡಿದ್ದಾನೆ. ಒಂದು ಬಾಗಿಲು ಹಾಕಿಕೊಂಡರೆ ಅದರಲ್ಲಿ ಆಳ್ವಿಕೆ ಎಲ್ಲಿಂದ ಬಂತು? ಅಪರಿಚಿತನ ಮುಂದೆ ಯಾರಾದರೂ ಹೀಗೇ ಮಾಡುತ್ತಾರೆ.

ಈ ಮಾತಿನಲ್ಲಿ ಹುರುಳಿದೆ. ಕ್ರೂಸೊನ ಭಯವನ್ನು ನಾನು ಸುಳ್ಳು ಅನ್ನುವುದಿಲ್ಲ. ಆದರೆ ಆಕ್ಷೇಪ ನಿಜವೋ ಅಲ್ಲವೋ ಎಂದು ನೋಡಲು ಕಾದಂಬರಿಯಲ್ಲೇ ದಾರಿ ಇದೆ. ಮುಂದೆ ಇನ್ನೂ ಅಪರಿಚಿತರು ಬರುತ್ತಾರೆ. ಅವರನ್ನು ಎಲ್ಲಿ ಇರಿಸಿದ?

ಮೊದಲು ಬರುವವರು, ದಡಕ್ಕೆ ತಂದ ಸೆರೆಯಾಳುಗಳಲ್ಲಿ ಕ್ರೂಸೊ ಜೀವ ಉಳಿಸಿದ ಒಬ್ಬ ಸ್ಪೇನ್‌ನವನು ಮತ್ತು ಫ್ರೈಡೇಯ ಅಪ್ಪ. ಇಬ್ಬರೂ ನಿತ್ರಾಣರು. ಹೊರಗೋಡೆಯನ್ನು ಹತ್ತಲು ಅವರಿಂದ ಆಗುವುದಿಲ್ಲ. ಹಾಗಾಗಿ ಹೊರಗೋಡೆಯ ಆಚೆ, ಮರಗಳ ನಡುವೆ ಹಳೆಯ ಹಾಯಿಬಟ್ಟೆಯ ಡೇರೆ ಹಾಕುತ್ತಾರೆ. ಕಾರಣ ಸರಿಯಾಗಿಯೇ ಇದೆ. ಆದರೆ ಈಗ ನಕ್ಷೆ ಹೀಗಾಗಿದೆ: ನಡುವಿನಲ್ಲಿ ಒಡೆಯ, ಎರಡು ಗೋಡೆಗಳ ನಡುವೆ ಆಳು, ಹೊರಗೆ ಹೊಸ ಪ್ರಜೆಗಳು. ಇದೇ ಹೊತ್ತಿಗೆ ಕ್ರೂಸೊ ಖುಷಿಯಿಂದ ಹೇಳಿಕೊಳ್ಳುತ್ತಾನೆ, ದ್ವೀಪ ಪೂರ್ತಿ ನನ್ನ ಆಸ್ತಿ, ಪ್ರಜೆಗಳೆಲ್ಲ ನನಗೆ ಅಧೀನ, ಎಲ್ಲರ ಜೀವವೂ ನನ್ನ ಋಣ. ಮೂವರು ಪ್ರಜೆಗಳು, ಮೂರು ಮತ. ಎಲ್ಲರಿಗೂ ತಮ್ಮ ತಮ್ಮ ನಂಬಿಕೆಯ ಸ್ವಾತಂತ್ರ್ಯ ಕೊಟ್ಟಿದ್ದೇನೆ ಎಂದು ದೊರೆಯ ಗತ್ತಿನಲ್ಲಿ ಹೇಳುತ್ತಾನೆ. ಆಚೆ ನೆಲದಲ್ಲಿ ಸಿಕ್ಕಿಕೊಂಡ ಉಳಿದ ಸ್ಪೇನ್‌ನವರನ್ನು ಕರೆತರುವ ಮಾತು ಬಂದಾಗ ಅವರಿಂದ ಬರವಣಿಗೆಯಲ್ಲಿ ಆಣೆ, ಸಹಿ ಬೇಕು ಅನ್ನುತ್ತಾನೆ. ಅವರ ಹತ್ತಿರ ಶಾಯಿಯೂ ಇಲ್ಲ, ಲೇಖನಿಯೂ ಇಲ್ಲ. ಆದರೂ ಬರಹದ ಮಾತು ಕೇಳಿದ್ದು ಅವರನ್ನು ಮಾತ್ರ. ಫ್ರೈಡೇಯನ್ನು ಯಾರೂ ಒಪ್ಪಂದಕ್ಕೆ ಕೂರಿಸಲಿಲ್ಲ. ಅವನಿಗೆ ಸಿಕ್ಕಿದ್ದು ಬಾಗಿಲು.

ನಿಜವಾದ ಪರೀಕ್ಷೆ ಆಮೇಲೆ ಬರುತ್ತದೆ. ಒಂದು ಇಂಗ್ಲಿಷ್ ಹಡಗಿನ ನಾವಿಕರು ದಂಗೆ ಎದ್ದು ತಮ್ಮ ಕಪ್ತಾನನನ್ನು ಇನ್ನಿಬ್ಬರ ಜೊತೆ ದಡಕ್ಕೆ ತಂದು ಬಿಡುತ್ತಾರೆ. ಕ್ರೂಸೊ ಈ ಮನುಷ್ಯನನ್ನು ಹಿಂದೆ ಕಂಡಿಲ್ಲ. ಅವನ ಮಾತು ನಿಜವೋ ಸುಳ್ಳೋ ತಿಳಿಯುವ ದಾರಿ ಇಲ್ಲ. ದ್ವೀಪದಲ್ಲಿ ಇರುವಷ್ಟು ದಿನ ನನ್ನ ಅಧಿಕಾರ ಒಪ್ಪಬೇಕು, ಹಡಗು ಕೈಗೆ ಸಿಕ್ಕರೆ ನನ್ನನ್ನೂ ನನ್ನ ಆಳನ್ನೂ ಇಂಗ್ಲೆಂಡಿಗೆ ಕರೆದೊಯ್ಯಬೇಕು ಎಂದು ಎರಡು ಷರತ್ತು 

ಹಾಕುತ್ತಾನೆ. ಕಪ್ತಾನ ಒಪ್ಪುತ್ತಾನೆ. ಕೂಡಲೇ ಮೂರು ಕೋವಿ, ಮದ್ದು, ಗುಂಡು ಅವರ ಕೈಗೆ ಕೊಡುತ್ತಾನೆ. ದಂಗೆಕೋರರ ಮೊದಲ ಗುಂಪನ್ನು ಹಿಡಿದ ಮೇಲೆ ಕಪ್ತಾನನನ್ನೂ ಅವನ ಇಬ್ಬರು ಜೊತೆಗಾರರನ್ನೂ ಮನೆಗೆ ಕರೆದುಕೊಂಡು ಹೋಗುತ್ತಾನೆ. ತಾನು ಹೊರಬರುವ ದಾರಿಯಲ್ಲೇ, ಮೇಲಿನ ಕಂಡಿಯಿಂದಲೇ ಒಳಗೆ ಇಳಿಸುತ್ತಾನೆ. ಊಟ ಕೊಡುತ್ತಾನೆ. ತಾನು ಮಾಡಿಕೊಂಡ ಉಪಾಯಗಳನ್ನೆಲ್ಲ ಒಂದೊಂದಾಗಿ ತೋರಿಸುತ್ತಾನೆ.

ಅದೂ ಬಂದ ದಿನವೇ. ಏಣಿ, ಮುಚ್ಚುಹಲಗೆ, ಒಳಮನೆ ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ತೆರೆದುಕೊಂಡವು. ಅಪರಿಚಿತನ ಭಯವೊಂದೇ ಕಾರಣ ಆಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಈ ಕಪ್ತಾನನಿಗೆ ಕ್ರೂಸೊನ ಭಾಷೆ ಇತ್ತು, ದೇಶ ಇತ್ತು, ಬಣ್ಣ ಇತ್ತು. ಫ್ರೈಡೇಯ ಹತ್ತಿರ ಇದ್ದದ್ದು ಪ್ರಾಣ ಕೊಡುವಷ್ಟು ನಿಷ್ಠೆ ಮಾತ್ರ. ಬಾಗಿಲು ತೆರೆಯಲು ಅದು ಸಾಲಲಿಲ್ಲ. ಡೇರೆಯ ಪ್ಯಾರಾ ಓದುವಾಗ ನನಗೆ ಬರೀ ಅನುಮಾನ ಇತ್ತು. ಕಪ್ತಾನ ಮೇಲಿನ ಕಂಡಿಯಿಂದ ಇಳಿಯುವ ಸಾಲು ಓದಿದ ಮೇಲೆ ಅನುಮಾನ ಉಳಿಯಲಿಲ್ಲ.

ಆಮೇಲಿನ ದಿನಗಳಲ್ಲಿ ಜಾಗದ ಆಟ ಇನ್ನೂ ಜಾಣತನದ್ದಾಗುತ್ತದೆ. ಕ್ರೂಸೊ ಮರೆಯಲ್ಲಿ ಇರುತ್ತಾನೆ. ದ್ವೀಪಕ್ಕೆ ಒಬ್ಬ ಗವರ್ನರ್ ಇದ್ದಾನೆ, ಅವನ ಹತ್ತಿರ ಸೈನ್ಯ ಇದೆ ಎಂದು ಕಪ್ತಾನ ದಂಗೆಕೋರರಿಗೆ ಕತ್ತಲಲ್ಲಿ ಹೇಳುತ್ತಾನೆ. ಸೆರೆಸಿಕ್ಕವರಲ್ಲಿ ಕೆಲವರು ಗುಹೆಗೆ, ಕೆಲವರು ಹಳ್ಳಿಮನೆಯ ಚಪ್ಪರಕ್ಕೆ. ಖುಷಿಗೆಂದು ಕಟ್ಟಿದ ಚಪ್ಪರವೂ ಜೈಲಾಗುತ್ತದೆ. ಕಾಣದೆ ಇರುವ ಗವರ್ನರ್‌ಗೆ ಎಲ್ಲರೂ ಹೆದರುತ್ತಾರೆ. ಹೆಜ್ಜೆಗುರುತು ಕಂಡಂದಿನಿಂದ ಅವಿತುಕೊಂಡು ಬದುಕಿದವನಿಗೆ ಕಾಣದಂತೆ ಇರುವುದರ ಬಲ ಚೆನ್ನಾಗಿ ಗೊತ್ತು.

ಕ್ರೂಸೊ ದ್ವೀಪ ಬಿಡುವುದು 1686ರ ಡಿಸೆಂಬರ್ 19ರಂದು, 28 ವರ್ಷ 2 ತಿಂಗಳು 19 ದಿನದ ಮೇಲೆ. ಇದು ಕಾದಂಬರಿಯೇ ಕೊಡುವ ಲೆಕ್ಕ, ತಾರೀಕು ನೋಡಿದರೆ ಆಗುವುದು 27 ವರ್ಷವೇ. ಸ್ಪೇನ್‌ನವನೂ ಫ್ರೈಡೇಯ ಅಪ್ಪನೂ ಉಳಿದವರನ್ನು ಕರೆತರಲು ದೋಣಿಯಲ್ಲಿ ಆಚೆ ನೆಲಕ್ಕೆ ಹೋಗಿದ್ದಾರೆ, ಇನ್ನೂ ಹಿಂದಿರುಗಿಲ್ಲ. ಕ್ರೂಸೊ ಕಾಯುವುದಿಲ್ಲ. ಬರಲಿರುವ ಸ್ಪೇನ್‌ನವರಿಗೆ ಒಂದು ಪತ್ರ ಬಿಟ್ಟು ಹೋಗುತ್ತಾನೆ. ನೆನಪಿಗೆಂದು ಹಡಗಿಗೆ ಏರಿಸಿದ ವಸ್ತುಗಳನ್ನು ಹೇಳುತ್ತಾನೆ: ಆಡಿನ ಚರ್ಮದ ದೊಡ್ಡ ಟೋಪಿ, ಕೊಡೆ, ಒಂದು ಗಿಳಿ, ಮತ್ತೆ ಇಷ್ಟು ವರ್ಷ ಕೂಡಿಟ್ಟ ಹಣ. ಫ್ರೈಡೇಯೂ ಜೊತೆಯಲ್ಲಿ ಬಂದ ಎಂಬ ಮಾತು ಬರುವುದು ಆಮೇಲೆ, ಲಿಸ್ಬನ್ ತಲುಪಿದಾಗ, ಅವನ ನಿಷ್ಠೆಯನ್ನು ಹೊಗಳುವ ಸಾಲಿನಲ್ಲಿ. ಅಪ್ಪ ಬರುವ ಮೊದಲೇ ಹಡಗು ಹತ್ತಿದಾಗ ಫ್ರೈಡೇ ಏನೆಂದ ಎಂಬುದು ಅಲ್ಲೂ ಇಲ್ಲ.